ತಲೆ ದಕ್ಷಿಣಕ್ಕೆ, ಕಾಲು ಗುಡ್ಡಕ್ಕೆ

ಇಪ್ಪತ್ತೆರಡು ವರ್ಷ ಧಾರವಾಡದ ಹೈಸ್ಕೂಲೊಂದರಲ್ಲಿ ಸ್ಕೌಟ್ ಮಾಸ್ತರನಾಗಿದ್ದ ನಾನು ಮೊದಲ ಸಲ ಟೆಂಟಿನೊಳಗೆ ಮಲಗಿದ್ದು ಲಂಡನ್ನಿನಲ್ಲಿ, ಅದೂ ನಿವೃತ್ತನಾದ ಮೇಲೆ. ಇದನ್ನು ಬರೆಯಲು ನನಗೆ ನಾಚಿಕೆಯಾಗಬೇಕು, ಆಗುತ್ತಲೂ ಇದೆ. ಆದರೆ ಅಲ್ಲಿಗೆ ಹೋಗಿಬಂದವರೆಲ್ಲ ಅರಮನೆ, ನದಿ, ಸೇತುವೆ, ದೊಡ್ಡ ಗಡಿಯಾರಗಳನ್ನು ಬರೆದು ಮುಗಿಸಿಬಿಟ್ಟಿದ್ದಾರೆ. ನನ್ನ ಪಾಲಿಗೆ ಉಳಿದದ್ದು ನನ್ನ ಮರ್ಯಾದೆ ಹೋದ ಕಥೆಯೊಂದೇ.

ನಾನು ಭೂಗೋಳದ ಮಾಸ್ತರ. ಬೇರೆಯವರೆಲ್ಲ ಒಲ್ಲೆನೆಂದದ್ದಕ್ಕೆ ಸ್ಕೌಟು ನನ್ನ ಕೊರಳಿಗೆ ಬಿತ್ತು. ವರ್ಷಕ್ಕೊಮ್ಮೆ ಹುಡುಗರನ್ನು ಊರ ಹೊರಗಿನ ಕಾಡಂಚಿಗೆ ಕರೆದೊಯ್ದು ಮೂರು ದಿನ ಕ್ಯಾಂಪು ಮಾಡಿಸಬೇಕು. ಟೆಂಟು ಹಾಕುವವರು ಹುಡುಗರು. ರಾತ್ರಿ ಅವರ ಜೊತೆ ಉಳಿಯುವವರು ಡ್ರಿಲ್ ಮಾಸ್ತರರು. ನಾನು ಸೀಟಿ ಊದಿ, ಪ್ರಾರ್ಥನೆ ಹೇಳಿಸಿ, ಬೆಂಕಿಯ ಸುತ್ತ ಒಂದು ಹಾಡಿಗೆ ಚಪ್ಪಾಳೆ ತಟ್ಟಿ, ಆಫೀಸಿನ ಕೆಲಸವಿದೆ ಎಂದು ಹೇಳಿ ಕಡೇ ಬಸ್ಸು ಹಿಡಿದು ಮನೆಗೆ ಬಂದುಬಿಡುತ್ತಿದ್ದೆ. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಸೊಳ್ಳೆ ಪರದೆ. ಬೆಳಿಗ್ಗೆ ಮೊದಲನೇ ಬಸ್ಸಿಗೆ ಮತ್ತೆ ಹಾಜರು. ಈ ಗುಟ್ಟು ಗೊತ್ತಿದ್ದದ್ದು ಡ್ರಿಲ್ ಮಾಸ್ತರರಿಗೆ, ಬಸ್ಸಿನ ಕಂಡಕ್ಟರನಿಗೆ ಮತ್ತು ನನ್ನ ಹೆಂಡತಿಗೆ.

ಗೊತ್ತಿಲ್ಲದಿದ್ದದ್ದು ಲಂಡನ್ನಿನ ಹ್ಯಾರೋದಲ್ಲಿರುವ ನನ್ನ ತಂಗಿಯ ಮಗಳು ಇಂಚರಳಿಗೆ. ಅವಳು ನಾಲ್ಕು ವರ್ಷದವಳಿದ್ದಾಗಿನಿಂದ ಪ್ರತಿ ಭಾನುವಾರ ಕಂಪ್ಯೂಟರಿನಲ್ಲಿ ಮುಖ ನೋಡಿ ಮಾತಾಡುವುದು ನಮ್ಮ ರೂಢಿ. ಅಷ್ಟು ದೂರದ ಮಗುವಿನ ಹತ್ತಿರ ಏನು ಮಾತಾಡುವುದು? ಕ್ಯಾಂಪಿನ ಕಥೆ ಶುರುಮಾಡಿದೆ. ಗಾಳಿಗೆ ಹಾರಿದ ಟೆಂಟು, ಹಾಸಿಗೆಯೊಳಗಿನ ಚೇಳು, ರಾತ್ರಿ ಟೆಂಟಿನ ಬಾಗಿಲಿಗೆ ಬಂದು ನಿಂತ ಚಿರತೆಯ ಎರಡು ಕಣ್ಣು. ಚಿರತೆಗೆ ನಾನು ಟಾರ್ಚು ಬಿಟ್ಟು 'ಹೋಗಪಾ ನಿನ್ನ ದಾರಿಗೆ' ಅಂದೆ ಎನ್ನುವಲ್ಲಿಗೆ ಕೂಸು ಉಸಿರು ಬಿಗಿಹಿಡಿದು ಕೂತಿರುತ್ತಿತ್ತು. ಬಡಾಯಿಗೆ ಇಂಥ ಕೇಳುಗರು ಸಿಕ್ಕರೆ ಯಾವ ಮಾಸ್ತರ ಸುಮ್ಮನಿರುತ್ತಾನೆ ಹೇಳಿ.

ಹ್ಯಾರೋ

ನನ್ನ ತಂಗಿ ಶೈಲಾ ನನಗಿಂತ ಹದಿನೈದು ವರ್ಷ ಚಿಕ್ಕವಳು. ಅವಳ ಗಂಡ ಸುಧಾಕರ ಕುಂದಾಪುರದವರು, ಲಂಡನ್ನಿನ ಒಂದು ಹೋಟೆಲಿನ ಅಡುಗೆಮನೆ ನೋಡಿಕೊಳ್ಳುತ್ತಾರೆ. ಒಂದೇ ಗೋಡೆಗೆ ಎರಡು ಮನೆ ಅಂಟಿಕೊಂಡಿರುವ ಬೀದಿಯಲ್ಲಿ ಅವರ ಮನೆ. ಮನೆಯೊಳಗೆ ತಂಗಿಯ ಧಾರವಾಡ, ಅವಳ ಗಂಡನ ಕುಂದಾಪುರ, ಮಗಳ ಇಂಗ್ಲಿಷ್ ಮೂರೂ ಒಟ್ಟಿಗೆ ಓಡಾಡುತ್ತವೆ. ಇಂಚರಳಿಗೆ ನಾವು ಆಡಿದ ಕನ್ನಡವೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ.

ಜೂನ್ ತಿಂಗಳಲ್ಲಿ ನಾನು ಹೋಗಿಳಿದಾಗ ಮನೆಯಲ್ಲಿ ಒಂದು ಕಾಗದದ ಗಲಾಟೆ ನಡೆದಿತ್ತು. ಇಂಚರಳ ಪ್ರೈಮರಿ ಶಾಲೆ ಆ ವರ್ಷಕ್ಕೆ ಮುಗಿಯುತ್ತದೆ. ಮುಗಿಯುವ ಮುಂಚೆ ಇಡೀ ಕ್ಲಾಸನ್ನು ಐದು ದಿನ ಕ್ಯಾಂಪಿಗೆ ಒಯ್ಯುತ್ತಾರೆ. ಒಪ್ಪಿಗೆಯ ಕಾಗದವನ್ನು ಮುಂದಿನ ಸೋಮವಾರದೊಳಗೆ ಕೊಡಬೇಕು. ಹುಡುಗಿ ಹೋಗುವುದಿಲ್ಲ ಎನ್ನುತ್ತಾಳೆ. ಹಿಂದಿನ ವರ್ಷ ಒಂದೇ ರಾತ್ರಿಯ ಕ್ಯಾಂಪಿಗೆ ಹೋಗಿ, ಕತ್ತಲಾಗುತ್ತಿದ್ದಂತೆ ಅತ್ತು, ಅಪ್ಪನನ್ನು ಕರೆಸಿಕೊಂಡು ಮನೆಗೆ ಬಂದಿದ್ದಳಂತೆ. ಆಮೇಲೆ ಶಾಲೆಯಲ್ಲಿ ಅವಳನ್ನು ಯಾರೂ ಬೈಯಲಿಲ್ಲ, ಆಡಿಕೊಳ್ಳಲೂ ಇಲ್ಲ. ಆದರೂ ಅವಳು ಗೆಳತಿಯರ ಮನೆಗೆ ಹೋಗುವುದನ್ನು ಬಿಟ್ಟಳು. ಸೆಪ್ಟೆಂಬರಿನಲ್ಲಿ ಎಲ್ಲರೂ ಬೇರೆ ಬೇರೆ ದೊಡ್ಡ ಶಾಲೆಗಳಿಗೆ ಹೋಗುತ್ತಾರೆ, ಇದು ಕಡೆಯ ಸಲ. ಹೋಗಬೇಕೆಂಬ ಆಸೆ ಹುಡುಗಿಯ ಮುಖದ ಮೇಲೆ ಬರೆದಿಟ್ಟಂತೆ ಕಾಣುತ್ತಿತ್ತು, ಧೈರ್ಯ ಮಾತ್ರ ಇರಲಿಲ್ಲ.

"ಅಣ್ಣಾ, ನಾವು ಹೇಳಿ ಹೇಳಿ ಸಾಕಾತು," ಎಂದಳು ಶೈಲಾ. "ನೀ ಹೇಳಿದ್ರ ಕೇಳ್ತಾಳ. ಒಂದ ರಾತ್ರಿ ನೀನ ಕರ್ಕೊಂಡು ಟೆಂಟಿನ್ಯಾಗ ಮಲಗು. ಆಕಿಗೆ ಧೈರ್ಯ ಬರ್ತದ."

ಮಂಡಿನೋವು, ಜೆಟ್ ಲ್ಯಾಗು, ನೆಗಡಿ ಎಂದು ಏನೇನೋ ನೆಪ ಹುಡುಕುತ್ತಿದ್ದೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದ ಇಂಚರ, ಮಾಮಾ ಬಂದರೆ ಒಂದು ರಾತ್ರಿ ನೋಡುತ್ತೇನೆ, ಮಾಮಾನಿಗೆ ಎಲ್ಲ ಗೊತ್ತು ಎಂದಳು. ಆ ರಾತ್ರಿ ದಾಟಿದರೆ ಸೋಮವಾರ ಕಾಗದ ಕೊಡುತ್ತಾಳೆ, ದಾಟದಿದ್ದರೆ ಇಲ್ಲ. ಬಿಸಿತುಪ್ಪ ಬಾಯಿಗೆ ಬಿದ್ದಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಅವತ್ತೇ ಧಾರವಾಡಕ್ಕೆ ಫೋನು ಮಾಡಿ ಹೆಂಡತಿಗೆ ಹೇಳಿದೆ. "ನೀವಾ? ಟೆಂಟಿನ್ಯಾಗಾ?" ಎಂದವಳು ಎಷ್ಟು ಹೊತ್ತು ನಕ್ಕಳೆಂದರೆ, ನಾನು ಬೇಸತ್ತು ಫೋನಿಟ್ಟೆ.

ಸ್ಟ್ಯಾನ್ಮೋರ್

ಟೆಂಟು ಕೊಟ್ಟವರು ಸ್ಟ್ಯಾನ್ಮೋರಿನಲ್ಲಿರುವ ವಿಜಯಪುರದ ಡಾಕ್ಟರು. ಸುಧಾಕರ ಅವರಿಗೆ ಪರಿಚಯ. ಸುತ್ತ ನಾಲ್ಕೂ ಕಡೆ ಜಾಗ ಬಿಟ್ಟು ಕಟ್ಟಿದ ದೊಡ್ಡ ಮನೆ ಅವರದು. ಗ್ಯಾರೇಜಿನಲ್ಲಿ ಕಾರೊಂದನ್ನು ಬಿಟ್ಟು ಉಳಿದೆಲ್ಲ ಸಾಮಾನೂ ಇತ್ತು. ಡಾಕ್ಟರು ಮೂಲೆಯಿಂದ ಒಂದು ಉದ್ದನೆ ಚೀಲ ಎಳೆದು, ಬಿಚ್ಚಿ ತೋರಿಸುತ್ತೇನೆ ಬನ್ನಿ, ಇದರ ಕೋಲುಗಳದು ಸ್ವಲ್ಪ ತಂಟೆ ಎಂದರು. ಇಂಚರ ಪಕ್ಕದಲ್ಲೇ ನಿಂತಿದ್ದಳು. ನಾನು ಕೈಯೆತ್ತಿ, "ಬ್ಯಾಡ್ರಿ ಡಾಕ್ಟರ, ಇಪ್ಪತ್ತೆರಡು ವರ್ಷ ಇದನ್ನ ಮಾಡೇನಿ," ಎಂದೆ. ಡಾಕ್ಟರು ಸಂಕೋಚದಿಂದ ಚೀಲದ ಬಾಯಿ ಕಟ್ಟಿದರು. ಜಂಬ ಕೊಚ್ಚಿಕೊಂಡವನಿಗೆ ಯಾರೂ ಏನೂ ಹೇಳಿಕೊಡುವುದಿಲ್ಲ ಎಂಬ ಪಾಠದ ಮೊದಲ ಕಂತು ಅದು.

ಮನೆಗೆ ಬಂದು ಹಿತ್ತಲಿನಲ್ಲಿ ಒಮ್ಮೆ ಹಾಕಿ ನೋಡೋಣವೇ ಎಂದು ಸುಧಾಕರ ಕೇಳಿದರು. ಮೇಲಿನ ಕಿಟಕಿಯಲ್ಲಿ ಹುಡುಗಿ ನಿಂತಿದ್ದಳು. ಅದಕ್ಕೂ ಬೇಡವೆಂದೆ.

ಕಣಿವೆಯ ಬಾಗಿಲು

ಶನಿವಾರ ಮಧ್ಯಾಹ್ನ ಸುಧಾಕರ ಕಾರಿನಲ್ಲಿ ನಮ್ಮಿಬ್ಬರನ್ನೂ ಕರೆದೊಯ್ದರು. ಹ್ಯಾರೋದಿಂದ ಅರ್ಧ ಗಂಟೆಯೂ ಇಲ್ಲ. ಅಂಗಡಿಸಾಲು, ಬಸ್ ಸ್ಟಾಪು, ಒಂದು ದೊಡ್ಡ ರಸ್ತೆ. ಅದನ್ನು ದಾಟಿ ಬೇಲಿಗಳ ನಡುವಿನ ಕಿರಿದಾದ ದಾರಿ ಹಿಡಿದರೆ ಒಮ್ಮೆಲೇ ಊರೇ ಇಲ್ಲ. ಎರಡು ಗುಡ್ಡಗಳ ನಡುವೆ ಆಳವಾದ ಒಂದು ಕಣಿವೆ, ಎರಡೂ ಮಗ್ಗುಲಿಗೆ ಎತ್ತರದ ಮರಗಳು, ಕೆಳಗೆ ಒಂದು ಸಣ್ಣ ಹಳ್ಳ. ಅಲ್ಲಿನವರು ಗುಡ್ಡ ಅನ್ನುವುದನ್ನು ನಮ್ಮಲ್ಲಿ ದಿಬ್ಬ ಅಂದರೂ ಹೆಚ್ಚೇ, ಆದರೆ ಆ ಮರಗಳ ಕೆಳಗೆ ನಿಂತಾಗ ನನಗೆ ಹಾಗೆ ಅನ್ನಿಸಲಿಲ್ಲ. ಇದೂ ಲಂಡನ್ನೇ ಭಾವ, ಇಲ್ಲಿಂದ ಆಚೆ ಮಾತ್ರ ಬೇರೆ ಜಿಲ್ಲೆ ಎಂದರು ಸುಧಾಕರ. ನಾನು ಹುಲಿಗಿಲಿ ಏನಾದರೂ ಉಂಟೋ ಎಂದು ತಮಾಷೆ ಮಾಡುವವನಂತೆ ಕೇಳಿದೆ. ನರಿ ಉಂಟು, ಮುಳ್ಳುಹಂದಿಯ ಮರಿಯಂಥ ಒಂದು ಸಣ್ಣ ಪ್ರಾಣಿ ಉಂಟು, ಎಂತದೂ ಮಾಡುವುದಿಲ್ಲ ಎಂದರು.

ಆ ಜಾಗ ನೋಡಿಕೊಳ್ಳುವವಳು ಮಾರ್ಗರೆಟ್ ಎಂಬ ಮುದುಕಿ. ಮೊಣಕಾಲುದ್ದದ ರಬ್ಬರ್ ಬೂಟು, ಕೈಯಲ್ಲೊಂದು ಬಕೆಟ್ಟು. ಕರೆಂಟಿಲ್ಲ, ಬಿಸಿನೀರಿಲ್ಲ, ಒಂದೇ ನಲ್ಲಿ, ನೆಲದ ಮೇಲೆ ಬೆಂಕಿ ಹಾಕುವಂತಿಲ್ಲ ಎಂದು ಅವಳು ಹೆಮ್ಮೆಯಿಂದ ಹೇಳಿದಳು. ನಮ್ಮೂರಿನಲ್ಲಿ ಕರೆಂಟು, ನೀರು ಇಲ್ಲವೆಂದರೆ ಜನ ಅರ್ಜಿ ಬರೆಯುತ್ತಾರೆ. ಇಲ್ಲಿಯವರು ಅದಕ್ಕಾಗಿಯೇ ಬುಕ್ ಮಾಡಿ ಬರುತ್ತಾರೆ. ಮಲವಿಸರ್ಜನೆಗೆ ಒಂದು ಹಲಗೆಯ ಗೂಡು. ಕೆಲಸ ಮುಗಿದ ಮೇಲೆ ಒಂದು ಮಗ್ಗು ಕಟ್ಟಿಗೆಯ ಹೊಟ್ಟು ಸುರಿಯಬೇಕು, ಒಂದು ತೊಟ್ಟೂ ನೀರು ಹಾಕಬಾರದು ಎಂದು ಬಾಗಿಲಲ್ಲಿ ಬರೆದಿತ್ತು. ನನ್ನ ಕೈಯಲ್ಲಿದ್ದ ಚೊಂಬನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದೆ. ಆ ಸಮಸ್ಯೆಯನ್ನು ನಾನು ಹೇಗೆ ಬಗೆಹರಿಸಿದೆ ಎಂಬುದು ಪ್ರವಾಸ ಕಥನದಲ್ಲಿ ಬರುವ ವಿಷಯವಲ್ಲ.

ಹಿಂದೆ ಟೆಂಟು ಹಾಕಿದ ಅನುಭವವಿದೆಯೇ ಎಂದು ಮಾರ್ಗರೆಟ್ ಕೇಳಿದಳು. ಇಂಚರ ನನಗಿಂತ ಮೊದಲೇ, ಇಪ್ಪತ್ತೆರಡು ವರ್ಷ, ಚಿರತೆ ಬರುವ ಕಾಡಿನಲ್ಲಿ ಎಂದುಬಿಟ್ಟಳು. ಮುದುಕಿ ನನ್ನನ್ನು ಬೂಟಿನಿಂದ ತಲೆಯವರೆಗೆ ಗೌರವದಿಂದ ನೋಡಿ, ಹಾಗಾದರೆ ನಿಮಗೆ ಈ ನಲ್ಲಿಯ ಹತ್ತಿರದ ಮಟ್ಟಸ ಜಾಗ ಬೇಡ, ಅದು ಹೊಸಬರಿಗೆ ಎಂದು ಹೇಳಿ ಕಣಿವೆಯ ತುದಿಯಲ್ಲಿ, ಗುಡ್ಡದ ಓರೆಯಲ್ಲಿದ್ದ ಒಂದು ಮೂಲೆ ತೋರಿಸಿದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ಖರೇನೇ ಡೊಂಕಿತ್ತು, ಆದರೆ ಅದನ್ನು ಹೇಳುವ ಬಾಯಿ ನನಗೆ ಉಳಿದಿರಲಿಲ್ಲ.

ಹೊರಡುವಾಗ ಸುಧಾಕರ ಮಗಳ ತಲೆ ನೇವರಿಸಿ, ಫೋನು ತಲೆದಿಂಬಿನ ಹತ್ತಿರವೇ ಇಟ್ಟುಕೊಂಡಿರುತ್ತೇನೆ, ಯಾವಾಗ ಕರೆದರೂ ಬರುತ್ತೇನೆ ಎಂದರು. ನನ್ನ ಕಡೆ ತಿರುಗಿ, "ನನಗೆ ಎಂತ ಹೆದ್ರಿಕೆ ಇಲ್ಲ ಭಾವ. ನೀವಿದ್ದೀರಲ್ಲ," ಎಂದರು. ಕಾರು ತಿರುವು ದಾಟುವವರೆಗೆ ನಾವಿಬ್ಬರೂ ಅದನ್ನೇ ನೋಡುತ್ತ ನಿಂತೆವು. ಯಾರು ಹೆಚ್ಚು ಆಸೆಯಿಂದ ನೋಡಿದೆವೋ ಹೇಳಲಾರೆ.

ಇಳಿಜಾರು

ಚೀಲ ಸುರಿದಾಗ ಅದರಿಂದ ಎರಡು ಬಟ್ಟೆ ಬಿದ್ದವು. ಒಂದು ಸೊಳ್ಳೆಪರದೆಯಂತೆ ತೆಳ್ಳಗೆ, ಇನ್ನೊಂದು ದಪ್ಪನೆ ಹಸಿರು ಬಟ್ಟೆ. ತೆಳ್ಳಗಿನದಕ್ಕೆ ಬಾಗಿಲಿತ್ತು, ಆದ್ದರಿಂದ ಅದು ಟೆಂಟು ಎಂದು ತೀರ್ಮಾನಿಸಿದೆ. ದಪ್ಪನೆಯದನ್ನು ನೆಲಕ್ಕೆ ಹಾಸಿದೆ. ಇದು ಮೇಲೆ ಬರುವುದಲ್ಲವೇ ಎಂದು ಇಂಚರ ಇಂಗ್ಲಿಷಿನಲ್ಲಿ ಕೇಳಿದಳು. "ಅದು ಜಮಖಾನ," ಎಂದೆ. ಅವಳು ನಂಬಿದಳು.

ಕೋಲುಗಳು ಒಂದರೊಳಗೊಂದು ಸೇರಿ ಬಿಲ್ಲಿನಂತೆ ಬಾಗಬೇಕು. ನನ್ನ ಕೈಗೆ ಬಂದಾಗ ಅವು ಬಾಗದೆ ನನ್ನ ಕನ್ನಡಕ ಕಿತ್ತವು. ಒಂದು ಕಡೆ ಗೂಟ ಹೊಡೆದು ಇನ್ನೊಂದು ಕಡೆಗೆ ಹೋಗುವಷ್ಟರಲ್ಲಿ ಮೊದಲನೆಯದು ಎದ್ದು ಬರುತ್ತಿತ್ತು. ಐವತ್ತು ಅಡಿ ದೂರದಲ್ಲಿ ಇನ್ನೊಂದು ಟೆಂಟಿನ ಮುಂದೆ ವಯಸ್ಸಾದ ಗಂಡ ಹೆಂಡತಿ ಮಡಚುವ ಕುರ್ಚಿಯಲ್ಲಿ ಕೂತಿದ್ದರು, ಕಾಲ ಬಳಿ ಒಂದು ನಾಯಿ. ನಾನು ಒಂದೂವರೆ ಗಂಟೆ ಆ ಬಟ್ಟೆಯ ಜೊತೆ ಕುಸ್ತಿ ಆಡಿದೆ. ಅವರು ಅಷ್ಟೂ ಹೊತ್ತು ಪುಸ್ತಕ ಓದುತ್ತ ಕೂತರು, ನಾಯಿಯೊಂದೇ ನನ್ನನ್ನು ನೋಡಿತು. ನಮ್ಮ ಧಾರವಾಡದಲ್ಲಿ ಸ್ಕೂಟರು ಎರಡು ಕಿಕ್ಕಿಗೆ ಶುರುವಾಗದಿದ್ದರೆ ಸಾಕು, ಆರು ಜನ ಸೇರಿ ಏಳು ಸಲಹೆ ಕೊಡುತ್ತಾರೆ, ಒಬ್ಬ ತಾನೇ ಹತ್ತಿ ಒದೆಯುತ್ತಾನೆ. ಇಲ್ಲಿ ಕೇಳದ ಹೊರತು ಸಲಹೆ ಕೊಡುವುದು ಅವಮಾನ ಮಾಡಿದಂತೆ ಅಂತೆ. ಅವತ್ತು ನಾನು ಅವಮಾನಕ್ಕೆ ಕಾದು ಕೂತಿದ್ದೆ, ಯಾರೂ ಮಾಡಲಿಲ್ಲ.

ಅಂತೂ ಟೆಂಟು ನಿಂತಿತು. ಆಗ ಶೈಲಾ ಫೋನು ಮಾಡಿದಳು. ಊಟ, ಚಾದರ, ಸ್ವೆಟರು ಎಲ್ಲ ವಿಚಾರಿಸಿ ಕೊನೆಗೆ, "ಅಣ್ಣಾ, ಉತ್ತರಕ್ಕ ತಲಿ ಹಾಕಿ ಮಲಗಬ್ಯಾಡ್ರಿ. ಹೊಸಾ ಜಾಗ, ಕಾಡು ಬ್ಯಾರೆ," ಎಂದಳು. ನಾನು ಭೂಗೋಳದ ಮಾಸ್ತರ. ದಿಕ್ಸೂಚಿ ಜೇಬಿನಲ್ಲೇ ಇತ್ತು. ಆ ಇಡೀ ದಿನದಲ್ಲಿ ನನಗೆ ನಿಜವಾಗಿ ಬರುವ ಕೆಲಸವೆಂದರೆ ಅದೊಂದೇ. ಹಾಗಾಗಿ ಬಹಳ ಗಂಭೀರವಾಗಿ ಮುಳ್ಳು ನೋಡಿ ಹೇಳಿದೆ: ಉತ್ತರ ಅಂದರೆ ಗುಡ್ಡದ ಮೇಲ್ಗಡೆ, ದಕ್ಷಿಣ ಅಂದರೆ ಕೆಳಗೆ ಹಳ್ಳದ ಕಡೆ. ತಲೆ ದಕ್ಷಿಣಕ್ಕೆ.

ಅಂದರೆ ತಲೆ ಇಳಿಜಾರಿನ ಕೆಳಕ್ಕೆ, ಕಾಲು ಮೇಲಕ್ಕೆ. ಇದು ಸರಿಯಲ್ಲವೇನೋ ಎಂದು ಇಂಚರ ಎರಡು ಸಲ ಹೇಳಿದಳು. ಶಾಸ್ತ್ರಕ್ಕೂ ವಿಜ್ಞಾನಕ್ಕೂ ಸೇರಿಸಿ ಭೂಮಿಯ ಅಯಸ್ಕಾಂತದ ಮೇಲೆ ಹತ್ತು ನಿಮಿಷ ಪಾಠ ಮಾಡಿದೆ. ಅದರಲ್ಲಿ ಅರ್ಧ ನನಗೂ ಗೊತ್ತಿರಲಿಲ್ಲ. ಹಾಸಿಗೆಗಳನ್ನು ದಕ್ಷಿಣಕ್ಕೆ ತಲೆ ಮಾಡಿ ಹಾಸಿದೆವು. ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಿಂದೆವು. ಹುಡುಗಿ ಮೂರು ರೊಟ್ಟಿ ತಿಂದು ನಗುನಗುತ್ತಲೇ ಇದ್ದಳು. ಗಂಟೆ ಎಂಟಾದರೂ ನಮ್ಮ ಸಂಜೆ ನಾಲ್ಕರಷ್ಟು ಬೆಳಕಿತ್ತು. ಗೆದ್ದೆವು ಎಂದುಕೊಂಡೆ.

ಮಳೆ

ಮಳೆ ಏನೂ ದೊಡ್ಡದಲ್ಲ. ಧಾರವಾಡದ ಜಿಟಿಜಿಟಿಗಿಂತ ಸಣ್ಣದು. ಆದರೆ ಐದೇ ನಿಮಿಷಕ್ಕೆ ಟೆಂಟಿನೊಳಗೂ ಬರತೊಡಗಿತು. ಮೊದಲು ನನ್ನ ಮೂಗಿನ ಮೇಲೆ, ಆಮೇಲೆ ಇಂಚರಳ ದಿಂಬಿನ ಮೇಲೆ. ನಾನು ಟವೆಲು ಹಿಡಿದು ಮೇಲೆ ಒರೆಸಿದೆ; ಒರೆಸಿದಲ್ಲೆಲ್ಲ ಇನ್ನೂ ಜೋರಾಯಿತು.

ಆಗ ಪಕ್ಕದ ಟೆಂಟಿನ ಮುದುಕ ಕೊಡೆ ಹಿಡಿದು ಬಂದ. ಕ್ಷಮಿಸಬೇಕು, ಮಧ್ಯೆ ಬರುವುದು ಸರಿಯಲ್ಲ, ನಿಮ್ಮಲ್ಲಿ ಬೇರೆ ಪದ್ಧತಿ ಇರಬಹುದು ಎಂದು ಮಧ್ಯಾಹ್ನದಿಂದ ಸುಮ್ಮನಿದ್ದೆ, ಆದರೆ ನೀವು ಕೂತಿರುವ ಆ ಹಸಿರು ಬಟ್ಟೆ ಬಹುಶಃ ಮೇಲಿನ ಹೊದಿಕೆ ಇರಬಹುದು ಎಂದ. ಅವನೇ ಎಳೆದು, ಕೊಡವಿ, ಹತ್ತು ನಿಮಿಷದಲ್ಲಿ ಎಲ್ಲ ಸರಿಯಾಗಿ ಹೊದಿಸಿಕೊಟ್ಟ. ಹೋಗುವಾಗ, ಒಳ್ಳೆಯ ಮಳೆ ಅಲ್ಲವೇ ಎಂದು ನಕ್ಕ. ಅವನ ಹೆಂಡತಿ ಅಲ್ಲಿ ಮಳೆಯಲ್ಲೇ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದಳು.

ಒಳಗೆ ಬಂದು ನೋಡಿದರೆ ಇಂಚರ ಬೂಟು ಹಾಕಿಕೊಂಡು, ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳು ಜಾಣೆ. ಜಮಖಾನದ ವಿಷಯ ಅವಳಿಗೆ ಅರ್ಥವಾಗಿತ್ತು. ನನ್ನ ಮೇಲಿನ ನಂಬಿಕೆಯೊಂದನ್ನೇ ಹಿಡಿದುಕೊಂಡು ಬಂದವಳು, ಈಗ ಅದೂ ಕೈಬಿಟ್ಟಿತ್ತು. ಮಾಮಾ, ಫೋನ್ ಕೊಡು ಎಂದಳು.

ಸತ್ಯ ಹೇಳಿಬಿಡುತ್ತೇನೆ. ಅವಳು ಕೇಳುವ ಮೊದಲೇ ನನ್ನ ಕೈ ಜೇಬಿನಲ್ಲಿತ್ತು. ಅರ್ಧ ಗಂಟೆ ದೂರದಲ್ಲಿ ಒಣ ಹಾಸಿಗೆ, ಬಿಸಿ ಸಾರು, ನೀರಿರುವ ಬಾತ್‌ರೂಮು. ಕೂಸು ಒಪ್ಪಲಿಲ್ಲ, ನಾ ಏನ ಮಾಡ್ಲಿ ಎಂದು ಶೈಲಾಳಿಗೆ ಹೇಳುವ ಮಾತು ಸಹ ಬಾಯಲ್ಲಿ ತಯಾರಿತ್ತು. ಹನ್ನೊಂದು ವರ್ಷದ ಹುಡುಗಿಯ ಬೆನ್ನ ಹಿಂದೆ ಅಡಗಿಕೊಂಡು ಮನೆಗೆ ಹೋಗಲು ನಾನು ಸಿದ್ಧನಾಗಿದ್ದೆ.

ಫೋನು ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ, ಅದನ್ನೇ ನೋಡುತ್ತ ಕೂತಳು. ಆಮೇಲೆ ನಿಧಾನವಾಗಿ, ಇಂಗ್ಲಿಷಿನಲ್ಲಿ, ಹಿಂದಿನ ವರ್ಷದ್ದನ್ನು ಹೇಳಿದಳು. ಅವಳು ಅಪ್ಪನ ಜೊತೆ ಮನೆಗೆ ಬಂದಮೇಲೆ ಆ ರಾತ್ರಿ ಅಲ್ಲಿ ಏನೋ ನಡೆದಿದೆ. ಒಂದು ಬಾಳೆಹಣ್ಣಿನ ವಿಷಯ. ಸೋಮವಾರ ಶಾಲೆಗೆ ಹೋದರೆ ಯಾರಾದರೂ 'ಬಾಳೆಹಣ್ಣು' ಎಂದರೆ ಸಾಕು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವಳೂ ನಕ್ಕಳು. ಏನೆಂದು ಅವಳಿಗೆ ಇಂದಿಗೂ ಗೊತ್ತಿಲ್ಲ. ಈ ಸಲ ಐದು ದಿನ, ಐದು ರಾತ್ರಿಯ ಮಾತಿರುತ್ತದೆ ಎಂದಳು.

ನನಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು. ಅವಳು ಹೇಳುತ್ತಿದ್ದದ್ದು ನನ್ನ ಕಥೆ.

"ಇಂಚರಾ," ಎಂದೆ. "ನಾ ಒಂದು ಖರೇ ಮಾತು ಹೇಳ್ತೀನವಾ. ನಾ ಯಾವತ್ತೂ ಟೆಂಟಿನ್ಯಾಗ ಮಲಗಿಲ್ಲ. ಇದ ಮೊದಲ."

ಅವಳು ಬಾಯಿ ತೆರೆದು ನನ್ನನ್ನೇ ನೋಡಿದಳು. ಕಡೇ ಬಸ್ಸಿನ ವಿಷಯ, ರೊಟ್ಟಿಯ ವಿಷಯ, ಸೊಳ್ಳೆಪರದೆಯ ವಿಷಯ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಚಿರತೆ?"

"ಅದು ನಾಯಿ," ಎಂದೆ. "ಬಸ್ಸಿನ ಕಿಟಕಿಯಿಂದ ನೋಡಿದ್ದು."

ಅವಳು ನಗಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಉಳಿದದ್ದನ್ನೂ ಹೇಳಿದೆ. ಪ್ರತಿ ಕ್ಯಾಂಪಿನಲ್ಲೂ ಬೆಳಿಗ್ಗೆ ಬಸ್ಸಿಳಿದು ಹೋದಾಗ ಹುಡುಗರು ಹಲ್ಲುಜ್ಜುತ್ತ ಯಾವುದೋ ಮಾತಿಗೆ ಬಿದ್ದು ಬಿದ್ದು ನಗುತ್ತಿರುತ್ತಿದ್ದರು. ಏನಾತ್ರೋ ಎಂದು ಕೇಳಿದರೆ ಸುಮ್ಮನಾಗುತ್ತಿದ್ದರು. ಮಾಸ್ತರನೆಂಬ ಮರ್ಯಾದೆಗೆ ಎಂದು ನಾನು ತಿಳಿದಿದ್ದೆ. ಹಿಂದಿನ ವರ್ಷ ನನ್ನ ಬೀಳ್ಕೊಡುಗೆಯ ದಿನ ಹಳೆಯ ಹುಡುಗರೆಲ್ಲ ಬಂದರು, ಈಗ ಅವರೇ ಅಪ್ಪಂದಿರು. ಒಬ್ಬೊಬ್ಬರೂ ಎದ್ದು ಕ್ಯಾಂಪಿನ ರಾತ್ರಿಗಳನ್ನು ನೆನೆಸಿಕೊಂಡರು. ಯಾರದೋ ಗೊರಕೆ, ಹಾವೆಂದು ಹೊಡೆದ ಹಗ್ಗ, ಡ್ರಿಲ್ ಮಾಸ್ತರರ ಹಾರಿಹೋದ ಲುಂಗಿ. ಸಭೆ ನಕ್ಕು ನಕ್ಕು ಸುಸ್ತಾಯಿತು. ಹಾರ ಹಾಕಿಕೊಂಡು ಮಧ್ಯದ ಕುರ್ಚಿಯಲ್ಲಿ ಕೂತಿದ್ದ ನಾನು ಒಂದು ಕಥೆಯಲ್ಲೂ ಇರಲಿಲ್ಲ. ಎಲ್ಲರ ಜೊತೆ ನಾನೂ ನಕ್ಕೆ. ಅವತ್ತು ಮನೆಗೆ ಬಂದು ಊಟ ಮಾಡಲಾಗಲಿಲ್ಲ. ಇದನ್ನು ನನ್ನ ಹೆಂಡತಿಗೂ ನಾನು ಹೇಳಿಲ್ಲ.

ಹೊರಗೆ ಇನ್ನೂ ಬೆಳಕಿತ್ತು, ಮುಖ ಅಡಗಿಸಿಕೊಳ್ಳಲು ಕತ್ತಲೂ ಇರಲಿಲ್ಲ.

"ಈಗಲೂ ಮನೆಗೆ ಹೋಗ್ಬೇಕು ಅನ್ಸತ್ತಾ?" ಎಂದು ಕೇಳಿದಳು. ಈ ಮಾತು ಕನ್ನಡದಲ್ಲಿತ್ತು, ಸ್ವಲ್ಪ ತಪ್ಪು ಉಚ್ಚಾರದಲ್ಲಿ.

"ನಿನಗಿಂತ ಜಾಸ್ತಿ ಅನಸ್ತದ," ಎಂದೆ.

ಅವಳು ನನ್ನ ಕೈಯಿಂದ ಫೋನು ತೆಗೆದು, ಖಾಲಿಯಾಗಿದ್ದ ರೊಟ್ಟಿಯ ಡಬ್ಬಿಯೊಳಗಿಟ್ಟು, ಮುಚ್ಚಳ ಹಾಕಿ, ಡಬ್ಬಿಯನ್ನು ತನ್ನ ಪಕ್ಕದಲ್ಲಿಟ್ಟುಕೊಂಡಳು. ನಿನಗೆ ಹೋಗಬೇಕೆನಿಸಿದರೆ ನನ್ನನ್ನು ಕೇಳು, ನಾನು ಬೇಡ ಅನ್ನುತ್ತೇನೆ; ನನಗೆ ಅನಿಸಿದರೆ ನಿನ್ನನ್ನು ಕೇಳುತ್ತೇನೆ, ನೀನು ಬೇಡ ಅನ್ನು ಎಂದಳು. ಬೂಟು ಬಿಚ್ಚಿದಳು.

ಒಮ್ಮೆ ಅವಳು ಕೇಳಿದಳು, ಕತ್ತಲಾದ ಮೇಲೆ. ನಾನು ಬೇಡ ಎಂದೆ. ನಾನು ಮೂರು ಸಲ ಕೇಳಿದೆ.

ಬೆಳಗು

ಜೂನಿನಲ್ಲಿ ಅಲ್ಲಿ ನಾಲ್ಕೂವರೆಗೆಲ್ಲ ಬೆಳಗಾಗಿಬಿಡುತ್ತದೆ. ನನಗೆ ಎಚ್ಚರವಾದಾಗ ಎದುರಿಗೆ ಟೆಂಟಿನ ಬಟ್ಟೆಯ ಬದಲು ಆಕಾಶ ಕಾಣಿಸಿತು. ಹಣೆಯ ಮೇಲೆ ತಣ್ಣಗೆ ಏನೋ ಹರಿದಾಡುತ್ತಿತ್ತು. ಕೈ ಎತ್ತಲು ನೋಡಿದರೆ ಕೈ ಟೆಂಟಿನೊಳಗೆ ಚೀಲದಂಥ ಹಾಸಿಗೆಯಲ್ಲಿ ಸಿಕ್ಕಿಕೊಂಡಿತ್ತು. ರಾತ್ರಿಯಿಡೀ ಇಂಚಿಂಚೇ ಜಾರಿ, ಬಾಗಿಲ ಜಿಪ್ಪನ್ನು ತಲೆಯಿಂದಲೇ ತಳ್ಳಿಕೊಂಡು, ದಕ್ಷಿಣ ದಿಕ್ಕಿಗೆ ನಾನು ಕತ್ತಿನವರೆಗೆ ಹೊರಬಂದಿದ್ದೆ. ಮುಖಕ್ಕೆ ರಕ್ತವೆಲ್ಲ ಇಳಿದು ಉಬ್ಬಿಹೋಗಿತ್ತು. ಹಣೆಯ ಮೇಲಿದ್ದದ್ದು ಬೆರಳುದ್ದದ, ಚಿಪ್ಪಿಲ್ಲದ ಒಂದು ಬಸವನಹುಳು.

ಪಕ್ಕದ ಟೆಂಟಿನ ಮುದುಕ ಅಷ್ಟು ಹೊತ್ತಿಗೇ ಎದ್ದು ಚಹಾ ಹಿಡಿದು ನಿಂತಿದ್ದ. ಹುಲ್ಲಿನ ಮೇಲೆ ಬರೀ ತಲೆಯೊಂದೇ ಇರುವ ಮನುಷ್ಯನನ್ನು ದಿನಾ ನೋಡುವವನಂತೆ, ಶುಭೋದಯ, ಇವತ್ತು ಬಿಸಿಲು ಬರುವ ಹಾಗಿದೆ ಎಂದ. ನಾನೂ ನೆಲದಿಂದಲೇ, ಹೌದು, ಹಾಗೇ ಕಾಣುತ್ತದೆ ಎಂದೆ.

ಆಗ ಒಳಗಿಂದ ನಗು ಶುರುವಾಯಿತು. ಇಂಚರ ಎದ್ದು ತಲೆಯಿಲ್ಲದ ನನ್ನ ಮೈ ಮಾತ್ರ ಒಳಗಿರುವುದನ್ನು ನೋಡಿದ್ದಳು. ಹೊರಗೆ ಬಂದು ಮುಖ ನೋಡಿದಳು, ಹುಳು ನೋಡಿದಳು, ಹುಲ್ಲಿನ ಮೇಲೆ ಕೂತುಬಿಟ್ಟಳು. ನಗು ತಡೆಯಲಾಗದೆ ಅವಳ ಕಣ್ಣಲ್ಲಿ ನೀರು ಬಂತು. ಎಳೆಯಲು ಅವಳು ಒಳಗೆ ಹೋಗಿ ಕಾಲು ಹಿಡಿದರೆ, ಕೈಜಾರಿ ನಾನು ಇನ್ನಷ್ಟು ಕೆಳಕ್ಕೆ ಹೋದೆ. ಅದನ್ನು ನೋಡಿ ನನಗೂ ನಗು ಬಂತು. ಅಷ್ಟು ನಕ್ಕು ನನಗೆ ಎಷ್ಟು ವರ್ಷವಾಗಿತ್ತೋ ತಿಳಿಯದು.

ಅವಳು ಹೇಗೆ ಜಾರಲಿಲ್ಲ ಎಂದು ಕೇಳಿದೆ. ನನಗೆ ನಿದ್ದೆ ಹತ್ತಿದ ಮೇಲೆ ಸದ್ದಿಲ್ಲದೆ ದಿಂಬು ತೆಗೆದುಕೊಂಡು ತಿರುಗಿ, ಗುಡ್ಡದ ಕಡೆ, ಅಂದರೆ ನೆಟ್ಟಗೆ ಉತ್ತರಕ್ಕೆ ತಲೆ ಹಾಕಿ ಮಲಗಿದ್ದಳಂತೆ. ಬೆಳಗಿನವರೆಗೆ ಒಂದೇ ನಿದ್ದೆ. ಅಮ್ಮನಿಗೆ ಹೇಳಬೇಡ ಎಂದಳು. ನನ್ನ ಹುಳುವಿನ ವಿಷಯವನ್ನೂ ಹೇಳಬೇಡ ಎಂ‌ದು ನಾನು ಕೇಳಿಕೊಂಡೆ.

ಎಂಟಕ್ಕೆ ಸುಧಾಕರ ಮತ್ತು ಶೈಲಾ ಇಡ್ಲಿ, ಕಾಫಿಯ ಫ್ಲಾಸ್ಕು ಹಿಡಿದು ಬಂದರು. ಶೈಲಾಳ ಕಣ್ಣು ನೋಡಿದರೆ ಅವಳೇ ರಾತ್ರಿ ಮಲಗಿದಂತಿರಲಿಲ್ಲ. ಅತ್ತಳಾ, ಹೆದರಿದಳಾ, ಮಳೆ ಬಂತಾ ಎಂದು ಒಂದೇ ಉಸಿರಿಗೆ ಕೇಳಿದಳು. ನಾನು ಇಂಚರಳನ್ನು ನೋಡಬಾರದಿತ್ತು, ನೋಡಿಬಿಟ್ಟೆ. ಇಬ್ಬರಿಗೂ ಮತ್ತೆ ನಗು ಉಕ್ಕಿತು. ಶೈಲಾ ಮಗಳ ಮುಖ, ನನ್ನ ಉಬ್ಬಿದ ಮುಖ ಎರಡನ್ನೂ ಬದಲಿಸಿ ಬದಲಿಸಿ ನೋಡಿದಳು. ಸುಧಾಕರ, ಇವರಿಗೆ ಎಂತ ಆಯ್ತು ಮಾರಾಯ್ತಿ ಎಂದು ಹೆಂಡತಿಯನ್ನು ಕೇಳಿದರು. ಅವಳಿಗೇನು ಗೊತ್ತು, ಪಾಪ.

ಸೋಮವಾರ ಬೆಳಿಗ್ಗೆ ತಿಂಡಿ ತಿನ್ನುವ ಮೇಜಿನ ಮೇಲೆ ಇಂಚರ ಕಾಗದ ತಂದಿಟ್ಟು, ಅಮ್ಮನಿಗೆ ಸಹಿ ಹಾಕು ಎಂದಳು. ಶೈಲಾ ಸಹಿ ಹಾಕಿ, ಕಾಗದವನ್ನು ತಾನೇ ಮಗಳ ಬ್ಯಾಗಿನಲ್ಲಿಟ್ಟಳು. ಮಗಳು ಬಾಗಿಲು ದಾಟಿದ ಮೇಲೆ ಅಡುಗೆಮನೆಗೆ ಹೋಗಿ ಅತ್ತಳು.

ಧಾರವಾಡ

ಜುಲೈಯಲ್ಲಿ ಅವಳು ಕ್ಯಾಂಪಿಗೆ ಹೋಗುವ ಹೊತ್ತಿಗೆ ನಾನು ಊರಿಗೆ ಬಂದಾಗಿತ್ತು. ಆ ಐದೂ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಎಷ್ಟು ಗಂಟೆಗೆ ಅಲ್ಲಿ ಕತ್ತಲಾಗುತ್ತದೆ ಎಂದು ಲೆಕ್ಕ ಹಾಕುತ್ತ, ಫೋನನ್ನು ದಿಂಬಿನ ಹತ್ತಿರ ಇಟ್ಟುಕೊಂಡು ಮಲಗುತ್ತಿದ್ದೆ. ಸುಧಾಕರ ಅವರಿಂದ ಫೋನು ಬರಲಿಲ್ಲ. ಅಂದರೆ ಅವರಿಗೂ ಕ್ಯಾಂಪಿನಿಂದ ಬಂದಿರಲಿಲ್ಲ.

ಭಾನುವಾರ ಕಂಪ್ಯೂಟರಿನ ಮುಂದೆ ಕೂತೆ. ಇಂಚರಳ ಪಕ್ಕದಲ್ಲಿ ಹೊಂಬಣ್ಣದ ಕೂದಲಿನ, ಹಲ್ಲಿಗೆ ತಂತಿ ಹಾಕಿಸಿಕೊಂಡ ಇನ್ನೊಂದು ಹುಡುಗಿಯೂ ಕೂತಿದ್ದಳು. ಒಂದು ವರ್ಷದಲ್ಲಿ ಮನೆಗೆ ಬಂದ ಮೊದಲ ಗೆಳತಿ. ಹೇಗಿತ್ತವಾ, ರಾತ್ರಿ ಏನೇನಾತು ಎಂದು ಕೇಳಿದೆ. ಇಂಚರ ಹೇಳಲು ಬಾಯಿ ತೆರೆದಳು. ಪಕ್ಕದವಳು ಅವಳ ಕಿವಿಯಲ್ಲಿ ಒಂದೇ ಒಂದು ಮಾತು ಹೇಳಿದಳು. ಅಷ್ಟೇ, ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ನಗತೊಡಗಿದರು. ಪರದೆಯಲ್ಲಿ ಎರಡು ತಲೆಗಳ ಕೂದಲು ಬಿಟ್ಟು ಬೇರೇನೂ ಕಾಣಲಿಲ್ಲ.

ನಾನು ಇನ್ನೊಮ್ಮೆ ಕೇಳಿದೆ.

"ಏನಿಲ್ಲ ಮಾಮಾ," ಎಂದಳು, ಉಸಿರು ಸಿಗದೆ. "ಅಲ್ಲಿದ್ದೋರಿಗೇ ಗೊತ್ತಾಗೋದು."

ಅಡುಗೆಮನೆಯಿಂದ ನನ್ನ ಹೆಂಡತಿ, ಏನಂತ್ರಿ, ಕ್ಯಾಂಪಿನ್ಯಾಗ ಏನಾತಂತ ಎಂದು ಕೂಗಿ ಕೇಳಿದಳು.

"ಏನೂ ಇಲ್ಲಂತ," ಎಂದೆ. ಅಷ್ಟು ಸಂತೋಷದ ಸುದ್ದಿಯನ್ನು ನಾನು ಬಹಳ ವರ್ಷಗಳಿಂದ ಕೇಳಿರಲಿಲ್ಲ.